ಹಳೆಯ ಭಾವಚಿತ್ರ ನೋಡಿ ಕಥೆ ಬರೆಯುವುದು ಹೇಗೆ?



ಬೀಜ, ಗೊಬ್ಬರ, ಒಡ್ಡು ಹಾಕುವುದು, ದನಗಳ ರೋಗ ಮುಂತಾದವುಗಳನ್ನು ಇಂಥ ಪತ್ರಿಕೆಯಲ್ಲಿ ಓದಿ ರೂಢಿಯಾದವರಿಗೆ ಈ ಸಲದ ವಿಷಯ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಆದರೆ ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ನಿಮ್ಮ ಮನೆಯಲ್ಲಿಯೇ ಇದೆ. ಪಡಸಾಲೆಯ ಗೋಡೆಗೆ ತೂಗುಹಾಕಿದ ಹಳೆಯ ಪಟ, ಅಥವಾ ಟ್ರಂಕಿನ ತಳದಲ್ಲಿ ಮದುವೆಯ ಸೀರೆಯ ಕೆಳಗೆ ಬಿದ್ದಿರುವ ಒಂದು ಫೋಟೋ, ಒಂದು ನೋಟುಬುಕ್ಕು, ಒಂದು ಪೆನ್ಸಿಲು. ಇವಿಷ್ಟರಿಂದ ಒಂದು ಒಳ್ಳೆಯ ಕಥೆ ಅಥವಾ ಲೇಖನ ಹುಟ್ಟಬಲ್ಲದು. ಅದು ಹೇಗೆಂಬುದನ್ನು ಇಲ್ಲಿ ತಿಳಿಸಲು ಪ್ರಯತ್ನಿಸಿದೆ.

ಬರೆಯುವ ಕೆಲಸ ಪೇಟೆಯವರದು, ಓದಿದವರದು ಎಂದು ಹಿಂಜರಿಯುವವರುಂಟು. ಸಂತೆಕಲ್ಲೂರಿನವರಂತೂ ಹಾಗೆ ಹೇಳಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಘನಮಠ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನು ಬರೆದು, ಒಕ್ಕಲುತನವೂ ಪುಸ್ತಕಕ್ಕೆ ತಕ್ಕ ವಿಷಯವೆಂದು ತೋರಿಸಿದರು. ಇದೇ ರಾಯಚೂರು ಸೀಮೆಯ ಹೆಂಬೆರಾಳದಲ್ಲಿ ಹುಟ್ಟಿದ ಶಾಂತರಸರು ‘ಸಣ್ಣ ಗೌಡಸಾನಿ’ ಎಂಬ ಕಾದಂಬರಿ ಬರೆದರು. ನಮ್ಮ ಎರೆಭೂಮಿಯ ಬದುಕು ಬರಹಕ್ಕೆ ಒಗ್ಗದ ವಸ್ತುವಲ್ಲ.

ಫೋಟೋ ನೋಡಿ ಬರೆಯಿರೆಂದರೆ ನಮ್ಮ ತರುಣರು ಮೊದಲ ಸಲ ಬರೆಯುವುದು ಸಾಮಾನ್ಯವಾಗಿ ಹೀಗಿರುತ್ತದೆ: “ಇದು ನಮ್ಮ ಮುತ್ತಜ್ಜನ ಭಾವಚಿತ್ರ. ಅವರು ಬಹಳ ಒಳ್ಳೆಯವರು, ದೈವಭಕ್ತರು. ಅವರ ಆದರ್ಶ ನಮಗೆ ದಾರಿದೀಪವಾಗಿದೆ.” ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಇದನ್ನು ಬರೆಯುವುದಕ್ಕೆ ಫೋಟೋ ನೋಡುವ ಅಗತ್ಯವೇ ಇರಲಿಲ್ಲ. ಯಾರ ಮುತ್ತಜ್ಜನಿಗಾದರೂ ಈ ಮೂರು ವಾಕ್ಯ ಒಪ್ಪುತ್ತವೆ.

ಆದುದರಿಂದ ಮೊದಲು ಮಾಡಬೇಕಾದ ಕೆಲಸ ಬರೆಯುವುದಲ್ಲ, ನೋಡುವುದು. ಪಟವನ್ನು ಗೋಡೆಯಿಂದ ಇಳಿಸಿ, ಹೂವಿನ ಹಾರ ತೆಗೆದಿಟ್ಟು, ಬಾಗಿಲ ಬೆಳಕಿಗೆ ತನ್ನಿ. ಒಂದು ತುದಿಯಿಂದ ಇನ್ನೊಂದು ತುದಿಗೆ, ಹೊಲ ಹರಗುವ ಹಾಗೆ ಸಾಲು ಬಿಡದೆ ನೋಡಿ. ಮುಖವನ್ನು ಎಲ್ಲರೂ ನೋಡುತ್ತಾರೆ. ನೀವು ಕೈ ಎಲ್ಲಿದೆ, ಕಾಲಲ್ಲಿ ಏನಿದೆ, ಯಾರು ಯಾರಿಂದ ಎಷ್ಟು ದೂರ ನಿಂತಿದ್ದಾರೆ ಎಂಬುದನ್ನು ನೋಡಿ. ಹೀಗೆ ನೋಡಿ ಬರೆದರೆ ಅದೇ ಮುತ್ತಜ್ಜನ ವಿಷಯ ಬೇರೆಯಾಗಿ ಬರುತ್ತದೆ:

“ಮುತ್ತಜ್ಜ ಕುರ್ಚಿಯಲ್ಲಿ ಕೂತಿದ್ದಾನೆ, ಆದರೆ ಬೆನ್ನು ಕುರ್ಚಿಗೆ ತಾಗಿಲ್ಲ. ಕುರ್ಚಿಯ ರೂಢಿ ಇಲ್ಲದವನು. ಕೋಟು ಹೆಗಲ ಮೇಲೆ ಅಗಲವಾಗಿದೆ. ಅದು ಅವನ ಅಳತೆಯದಲ್ಲ. ಕಾಲಲ್ಲಿ ಮೆಟ್ಟಿಲ್ಲ. ಹಿಮ್ಮಡಿ ಒಡೆದಿದೆ. ಕೋಟು ಕೊಟ್ಟವರು ಮೆಟ್ಟು ಕೊಡಲು ಮರೆತರೋ, ಅದನ್ನೂ ಕೇಳಲು ಇವನೇ ನಾಚಿದನೋ.”

ಇಲ್ಲಿ ದೈವಭಕ್ತಿಯ ಮಾತು ಬಂದಿಲ್ಲ. ಆದರೂ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ಕೋಟು ಯಾರದು ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಆ ಪ್ರಶ್ನೆಯಿಂದಲೇ ಕಥೆ ಬೆಳೆಯುತ್ತದೆ.

ಫೋಟೋ ಯಾವ ಕಾಲದ್ದೆಂದು ಗೊತ್ತಾದರೆ ಅರ್ಧ ಕೆಲಸವಾದಂತೆ. ನಮ್ಮ ಭಾಗದಲ್ಲಿ ಇದಕ್ಕೆ ಕೆಲವು ಗುರುತುಗಳಿವೆ. ಗಂಡಸರ ತಲೆಯ ಮೇಲೆ ಕುಚ್ಚಿರುವ ರೂಮಿ ಟೋಪಿ, ಮೈಮೇಲೆ ಶೇರವಾನಿ ಇದ್ದರೆ ಅದು ಬಹುಶಃ ನಿಜಾಮರ ಆಳ್ವಿಕೆಯದು, ಅಂದರೆ ೧೯೪೮ರ ಸೆಪ್ಟೆಂಬರ್‌ಗೆ ಮೊದಲಿನದು. ಗಾಂಧಿ ಟೋಪಿಗಳೇ ತುಂಬಿದ್ದರೆ ಅನಂತರದ್ದಿರಬಹುದು. ಬೆನ್ನಿಗೆ ಉರ್ದು ಬರಹವಿದ್ದರೆ ತಿಳಿಯದೆಂದು ಬಿಟ್ಟುಬಿಡಬೇಡಿ. ಆಗ ಆಡಳಿತದ ಭಾಷೆ ಉರ್ದು. ಕನ್ನಡ ಮನೆಮಾತಿನವರೂ ಅದರಲ್ಲಿಯೇ ಬರೆಯುತ್ತಿದ್ದರು. ಊರಿನಲ್ಲಿ ಉರ್ದು ಬಲ್ಲ ಹಿರಿಯರಿಗೆ ತೋರಿಸಿ. ಬೆನ್ನಿಗೆ ೧೩೫೦ ಎಂಬಂಥ ಇಸವಿ ಕಂಡರೆ ಗಾಬರಿಯಾಗಬೇಕಿಲ್ಲ, ಫೋಟೋ ವಿಜಯನಗರ ಕಾಲದ್ದಲ್ಲ! ಅದು ನಿಜಾಮ ಸಂಸ್ಥಾನದಲ್ಲಿ ನಡೆಯುತ್ತಿದ್ದ ಫಸಲಿ ವರ್ಷ. ಅದಕ್ಕೆ ೫೯೦ ಕೂಡಿಸಿದರೆ ೧೯೪೦ ಬರುತ್ತದೆ. ಒಂದು ವರ್ಷ ಹೆಚ್ಚು ಕಡಿಮೆಯಾಗಬಹುದು, ಅಷ್ಟೆ.

ಹೆಣ್ಣುಮಕ್ಕಳ ಫೋಟೋದಲ್ಲಿ ಸೀರೆಯನ್ನು ನೋಡಿ. ಕಪ್ಪು ಬಿಳುಪಿನಲ್ಲಿ ಬಣ್ಣ ತಿಳಿಯದು, ಆದರೆ ನೇಯ್ಗೆ ತಿಳಿಯುತ್ತದೆ. ಸೆರಗಿನಲ್ಲಿ ಗೋಪುರದ ಸಾಲಿನಂತೆ ಮೊನಚು ಮೊನಚಾಗಿ ಬಿಳಿ ತೆನೆಗಳು ಕಂಡರೆ ಅದು ಇಳಕಲ್ಲಿನ ತೋಪತೆನೆ ಸೆರಗು. ಸೀರೆಯ ಒಡಲು ಯಾವ ಬಣ್ಣದ್ದೇ ಇರಲಿ, ಆ ಸೆರಗು ಸಾಮಾನ್ಯವಾಗಿ ಕೆಂಪು. ಫೋಟೋದಲ್ಲಿ ಕರ್ರಗೆ ಕಾಣುವ ಜಾಗದಲ್ಲಿ ಕೆಂಪು ಇತ್ತೆಂದು ಗೊತ್ತಾದೊಡನೆ ಬರೆಯುವವನ ಕಣ್ಣ ಮುಂದೆ ಚಿತ್ರವೇ ಬದಲಾಗುತ್ತದೆ.

ನೋಡುವುದೆಂದರೆ ಏನೆಂಬುದಕ್ಕೆ ಹತ್ತಿರದ ಒಂದು ದೊಡ್ಡ ಉದಾಹರಣೆ ಹೇಳುವೆನು. ಸಿಂಧನೂರು, ಗಂಗಾವತಿಯ ಮೇಲೆ ಹಾದು ನಮ್ಮವರು ಹೋಗಿಬರುವ ಹಂಪಿಯದು. ೧೮೫೬ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ಅಲ್ಲಿ ಕ್ಯಾಮೆರಾ ಹೂಡಿ ಚಿತ್ರ ತೆಗೆದನು. ಆಗ ಈಗಿನ ಫಿಲ್ಮು ಇರಲಿಲ್ಲ. ಮೇಣ ಸವರಿದ ದೊಡ್ಡ ಕಾಗದದ ಮೇಲೆ ಚಿತ್ರ ಮೂಡಿಸಬೇಕಾಗಿತ್ತು. ಬೆಳಕು ಬಿಡುವ ಹೊತ್ತು ದೀರ್ಘವಾದ್ದರಿಂದ ಅಲುಗಾಡದ ಕಲ್ಲು ಸ್ಪಷ್ಟವಾಗಿ ಬೀಳುತ್ತಿತ್ತು. ನಡೆದು ಹೋಗುವ ಮನುಷ್ಯ ಬೀಳುತ್ತಲೇ ಇರಲಿಲ್ಲ, ಬಿದ್ದರೆ ಹೊಗೆಯಂತೆ ಬೀಳುತ್ತಿದ್ದನು. ಆ ಕಾಗದಗಳು ಬಹುಕಾಲ ಮರೆಯಾಗಿದ್ದು ೧೯೮೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ೧೯೮೩ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು, ಅವೇ ನೋಟಗಳನ್ನು ಮತ್ತೊಮ್ಮೆ ತೆಗೆದರು. ಮುಂದೆ ಎರಡೂ ಸೇರಿ ಪುಸ್ತಕವಾಯಿತು.

ನಿಮ್ಮ ಕಿಸೆಯಲ್ಲಿ ೫೦ ರೂಪಾಯಿಯ ಹೊಸ ನೋಟಿದ್ದರೆ ತೆಗೆದು ಬೆನ್ನು ನೋಡಿ. ಅಲ್ಲಿರುವುದು ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದು ಅದು ಇಲ್ಲ. ದಿನವೂ ಕೈಯಿಂದ ಕೈಗೆ ದಾಟುವ ರಥ ತಲೆಯಿಲ್ಲದ ರಥವೆಂದು ಆ ಹಳೆಯ ಚಿತ್ರ ನೋಡದವರಿಗೆ ಹೊಳೆಯುವುದೇ ಇಲ್ಲ. ಇನ್ನೊಂದು ಮಾತು: ಆ ಚಿತ್ರಗಳಲ್ಲಿ ಜನ ಇಲ್ಲವೆಂದರೆ ಹಂಪಿಯಲ್ಲಿ ಜನವೇ ಇರಲಿಲ್ಲವೆಂದಲ್ಲ. ಕುರಿ ಮೇಯಿಸುವವರು, ನೀರು ತರುವವರು, ಪೂಜೆಗೆ ಬಂದವರು ಆ ಹೊತ್ತಿನಲ್ಲಿ ಅಲ್ಲಿ ನಡೆದಾಡಿರಬಹುದು. ನಡೆದಾಡಿದ್ದಕ್ಕಾಗಿಯೇ ಅವರು ಚಿತ್ರದಿಂದ ಅಳಿದುಹೋದರು. ಕಥೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕೆ?

ನೀವೂ ಗೋಲಿಂಗ್ಸರಂತೆ ಮಾಡಬಹುದು. ಅಗಸಿಯ ಮುಂದೆ, ಮಠದ ಮುಂದೆ, ಶಾಲೆಯ ಮುಂದೆ ತೆಗೆದ ಹಳೆಯ ಫೋಟೋ ಸಿಕ್ಕರೆ ಅದನ್ನು ಕೈಯಲ್ಲಿ ಹಿಡಿದು ಅದೇ ಜಾಗಕ್ಕೆ ಹೋಗಿ ನಿಲ್ಲಿ. ಆಗ ಇದ್ದ ಬೇವಿನ ಮರ ಈಗ ಇದೆಯೆ? ಕಟ್ಟೆ ಎಲ್ಲಿ ಹೋಯಿತು? ಸಿಂಧನೂರಿನ ಕಡೆಯ ಬಂಧುಗಳ ಮನೆಯ ಹಳೆಯ ಫೋಟೋದಲ್ಲಿ ಬೆನ್ನಿಗೆ ಜೋಳದ ಹೊಲವಿದ್ದರೆ, ಆ ಹೊಲದಲ್ಲಿ ಇಂದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತು ಭತ್ತ ಬೆಳೆದಿರಬಹುದು. ಜೋಳ ಹೋಗಿ ಭತ್ತ ಬಂದಾಗ ಮನೆಯೊಳಗೆ ಏನೇನು ಬದಲಾಯಿತು, ರೊಟ್ಟಿ ಬಡಿಯುವ ಸದ್ದು ಕಡಿಮೆಯಾಯಿತೆ, ಬೀಸುವ ಕಲ್ಲು ಎಲ್ಲಿ ಮೂಲೆ ಸೇರಿತು ಎಂದು ಕೇಳುತ್ತಾ ಹೋದರೆ ಹತ್ತು ಪುಟ ತಾನಾಗಿಯೇ ತುಂಬುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಮನೆಯಲ್ಲಿ ಫೋಟೋ ಒಂದನ್ನು ನೋಡಿದೆ. ನಡುವೆ ಕುರ್ಚಿಯ ಮೇಲೆ ವರ್ಷದ ಕೂಸು. ಎರಡೂ ಕಡೆ ಪೇಟ ಸುತ್ತಿದ ಗಂಡಸರು. ಹಿಂದೆ ಹೂಬಳ್ಳಿ ಬರೆದ ಪರದೆ. ಪರದೆಯ ಅಂಚಿನಿಂದ ಒಂದು ಕೈ ಮಾತ್ರ ಹೊರಬಂದು ಕೂಸಿನ ಬೆನ್ನನ್ನು ಹಿಡಿದಿತ್ತು. ನಾನು ಮನೆಗೆ ಬಂದು ಕಥೆ ಬರೆದೆ. ಆ ಕೈ ಮನೆಯ ಆಳಿನದೆಂದು ಕಲ್ಪಿಸಿ, ದೊಡ್ಡವರ ಚಿತ್ರದಲ್ಲಿ ಆಳಿಗೆ ಜಾಗವಿಲ್ಲವೆಂದು ಸಿಟ್ಟಿನಿಂದ ಬರೆದೆ. ಕಥೆ ಚೆನ್ನಾಗಿದೆಯೆಂದೇ ನನಗನಿಸಿತ್ತು. ತಿಂಗಳ ಮೇಲೆ ಅದೇ ಮನೆಗೆ ಹೋಗಿ ಓದಿ ಹೇಳಿದಾಗ, ಮೂಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದ ಅಜ್ಜಿ ತಲೆಯೆತ್ತಿದರು. ಕುರ್ಚಿಯ ಮೇಲಿನ ಕೂಸು ಅವರೇ.

“ಅದು ಆಳಿನ ಕೈ ಅಲ್ಲ ತಮ್ಮಾ, ನಮ್ಮವ್ವನ ಕೈ. ನಾ ಬೀಳ್ತೀನಂತ ಹಿಡಕೊಂಡಾಳ. ಗಂಡಸರ ಸರಿ ನಿಂದರಬಾರದಂತ ಪಡದೆ ಹಿಂದ ಸರದಿದ್ಳಂತ. ತೋರುಬೆರಳು ನೋಡು, ಮೊಂಡ ಐತಿ. ಜೋಳ ಕೊಯ್ಯಾಗ ಕುಡುಗೋಲು ತಾಗಿದ್ದು.”

“ನಿಮ್ಮವ್ವಾರ ಬೇರೆ ಫೋಟೋ ಇಲ್ಲೇನ್ರಿ ಯವ್ವಾ?” ಎಂದೆ.

“ಎಲ್ಲಿಂದ ಬರಬೇಕಪಾ. ಇದ್ದದ್ದು ಇದೊಂದು ಕೈ.”

ನಾನು ಬೆರಳನ್ನು ನೋಡಿರಲೇ ಇಲ್ಲ. ನೋಡಿದ್ದರೂ ಅದರ ಕಥೆ ನನಗೆ ತಿಳಿಯುತ್ತಿರಲಿಲ್ಲ. ಬಲ್ಲವರು ಮೂರು ಮಾರು ದೂರದಲ್ಲಿ ಕೂತಿದ್ದಾಗಲೇ ಕೇಳದೆ ಕಲ್ಪಿಸಲು ಹೊರಟಿದ್ದೆ. ಆ ದಿನ ಅಜ್ಜಿ ಒಳಗೆ ಮಲಗಿದ್ದರೆ ಅವರ ತಾಯಿ ನನ್ನ ಕಥೆಯಲ್ಲಿ ಆಳಾಗಿಯೇ ಉಳಿಯುತ್ತಿದ್ದರು. ಆದುದರಿಂದ ಹೇಳುತ್ತೇನೆ: ಮೊದಲು ಕೇಳಿ, ಆಮೇಲೆ ಕಲ್ಪಿಸಿ. ಹಳೆಯ ಫೋಟೋದಲ್ಲಿರುವ ಮುಖಗಳನ್ನು ಹೆಸರು ಹಿಡಿದು ಹೇಳಬಲ್ಲವರು ಒಂದೊಂದು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಅವರಿಗೂ ವಯಸ್ಸಾಗಿದೆ. ಕಥೆಯನ್ನು ಮುಂದಿನ ವರ್ಷ ಬರೆದರೂ ನಡೆದೀತು, ಕೇಳುವುದನ್ನು ಮಾತ್ರ ಮುಂದೂಡಬೇಡಿ.

ಹಾಗಾದರೆ ಕಲ್ಪನೆ ಬೇಡವೆ ಎಂದು ಕೇಳಬಹುದು. ಖಂಡಿತ ಬೇಕು. ಇದಕ್ಕೆ ಉತ್ತರವನ್ನು ಮಸ್ಕಿಯಿಂದಲೇ ಕೊಡಬಹುದು. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವನು ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡನು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಅದರಲ್ಲಿದ್ದುದರಿಂದ, ಅಲ್ಲಲ್ಲಿ ಬಂಡೆಗಳ ಮೇಲೆ ಬಿರುದು ಮಾತ್ರ ಬರೆಸಿದ ಆ ದೊರೆ ಯಾರೆಂಬುದು ನಿಶ್ಚಯವಾಯಿತು. ಹೆಸರು ಸಿಕ್ಕಿತು, ಮುಖ ಸಿಗಲಿಲ್ಲ. ಮುಖ ದೊರೆತದ್ದು ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ. ೧೯೯೦ರ ದಶಕದಲ್ಲಿ ಅಗೆಯಲು ತೊಡಗಿದಾಗ ಸಿಕ್ಕ ಬೌದ್ಧ ಸ್ತೂಪದ ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಪರಿವಾರದ ಹೆಂಗಸರನ್ನು ಕೆತ್ತಿ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ಅದನ್ನು ಕೆತ್ತಿದ್ದು ಅಶೋಕನು ತೀರಿಹೋಗಿ ಎಷ್ಟೋ ತಲೆಮಾರುಗಳ ಮೇಲೆ. ಶಿಲ್ಪಿ ಅಶೋಕನನ್ನು ಕಂಡವನಲ್ಲ. ಮುಖ, ಒಡವೆ, ನಿಂತ ಭಂಗಿ ಎಲ್ಲವೂ ಅವನ ಕಲ್ಪನೆ. ಆದರೆ ಯಾರನ್ನು ಕಲ್ಪಿಸಿದೆನೆಂಬುದನ್ನು ಅವನು ಬರೆದಿಟ್ಟ. ಆ ಒಂದು ಸಾಲು ಇಲ್ಲದಿದ್ದರೆ ಅದು ಯಾವನೋ ಒಬ್ಬ ರಾಜನ ಚಿತ್ರವಾಗಿ ಬಿದ್ದಿರುತ್ತಿತ್ತು.

ನಾನು ಈಗ ಅನುಸರಿಸುವ ಪದ್ಧತಿಯೂ ಅದೇ. ನೋಟುಬುಕ್ಕಿನ ಎಡಪುಟದಲ್ಲಿ ಕಂಡದ್ದು ಮತ್ತು ಕೇಳಿದ್ದು. ಯಾರು ಹೇಳಿದರೆಂಬುದೂ ಅಲ್ಲಿಯೇ. ಬಲಪುಟದಲ್ಲಿ ಕಲ್ಪಿಸಿದ್ದು. ಬಲಪುಟದಲ್ಲಿ ಮನಸ್ಸು ಎಲ್ಲಿಗೆ ಹೋದರೂ ಅಡ್ಡಿಯಿಲ್ಲ. ಪರದೆಯ ಹಿಂದೆ ನಿಂತ ತಾಯಿ ಏನು ಯೋಚಿಸಿದಳು, ಫೋಟೋದವನು ಅಲುಗಬೇಡಿರೆಂದು ಕೂಗಿದಾಗ ಅವಳೂ ಉಸಿರು ಬಿಗಿಹಿಡಿದಳೆ, ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂಬ ಮಾತನ್ನು ನೆನೆದು ಕೂಸಿನ ಬಗ್ಗೆ ಅಂಜಿದಳೆ—ಇವನ್ನೆಲ್ಲ ಯಾರೂ ಹೇಳಲಾರರು, ಬರೆಯುವವನೇ ಕಾಣಬೇಕು. ಎರಡು ಪುಟಗಳು ಒಂದಕ್ಕೊಂದು ಬೆರೆಯದಿದ್ದರೆ ಸಾಕು.

ಎಲ್ಲ ಫೋಟೋಗಳೂ ಪ್ರೀತಿಯಿಂದ ತೆಗೆದವುಗಳಲ್ಲ ಎಂಬುದನ್ನೂ ನೆನಪಿಡಬೇಕು. ೧೮೭೬ರಿಂದ ೧೮೭೮ರವರೆಗೆ ಮದ್ರಾಸು, ಬಳ್ಳಾರಿ, ಮೈಸೂರು, ಹೈದರಾಬಾದು ಸೀಮೆಗಳನ್ನು ಹಾಳುಗೆಡವಿದ ದೊಡ್ಡ ಬರವನ್ನು ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದರು. ಆಗ ಹೂಪರ್ ಎಂಬ ಸೈನ್ಯಾಧಿಕಾರಿಯು ಮದ್ರಾಸು ಪ್ರಾಂತದಲ್ಲಿ ಬರಕ್ಕೆ ಸಿಕ್ಕವರ ಫೋಟೋ ತೆಗೆದನು. ಎಲುಬು ಹಂದರವಾದ ಗಂಡಸರು, ಹೆಂಗಸರು, ಮಕ್ಕಳನ್ನು ಸಾಲಾಗಿ ಕೂಡಿಸಿ ತೆಗೆದ ಚಿತ್ರಗಳವು. ಪಕ್ಕೆಲುಬು ಎಣಿಸಬಹುದು, ಆದರೆ ಒಬ್ಬರ ಹೆಸರೂ ಸಿಗದು. ಇಂಥ ಚಿತ್ರ ನೋಡಿ ಬರೆಯುವವನು ಮತ್ತೊಮ್ಮೆ ಪಕ್ಕೆಲುಬನ್ನೇ ವರ್ಣಿಸಿದರೆ ಹೂಪರ್ ಮಾಡಿದ್ದನ್ನೇ ಮಾಡಿದಂತಾಯಿತು. ಅದಕ್ಕಿಂತ ಆ ತಾಯಿ ಬರದ ಹಿಂದಿನ ವರ್ಷ ಏನು ಬಿತ್ತಿದ್ದಳು, ಎತ್ತುಗಳನ್ನು ಯಾವಾಗ ಮಾರಿದಳು ಎಂದು ಬರೆಯುವುದು ಮೇಲು. ಬರ ಬರುವ ಮೊದಲು ಅವಳಿಗೂ ಒಂದು ಮನೆಯಿತ್ತು.

ಫೋಟೋವೇ ಇಲ್ಲದ ಮನೆಗಳ ಮಾತೂ ಬಂತು. ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರು ಅರಮನೆ, ಬೇಟೆ, ಸರದಾರರ ಸೊಗಸಾದ ಚಿತ್ರಗಳನ್ನು ತೆಗೆದರು. ಅದೇ ರಾಜ್ಯದ ಈ ಮೂಲೆಯ ಕೂಲಿಗಾರರ ಗುಡಿಸಲಿಗೆ ಕ್ಯಾಮೆರಾ ಬರಲಿಲ್ಲ. ಮುಂದೆಯೂ ಫೋಟೋ ಎಂಬುದು ಬಹುಕಾಲ ಉಳ್ಳವರ ಮನೆಯ ವಸ್ತುವಾಗಿಯೇ ಇತ್ತು. ಗುಳೆ ಹೋಗಿ ಬರುವ ಎಷ್ಟೋ ಕುಟುಂಬಗಳಲ್ಲಿ ಅಜ್ಜ ಅಜ್ಜಿಯ ಏಕೈಕ ಫೋಟೋ ಎಂದರೆ ೧೯೯೩ರ ಅನಂತರ ಬಂದ ಮತದಾರರ ಗುರುತಿನ ಚೀಟಿಯದು. ಕಣ್ಣು ಅರೆಮುಚ್ಚಿದ, ಬೆರಳ ಉಗುರಿನಷ್ಟಗಲದ ಮುಖ. ಅದನ್ನೂ ಕೀಳೆಣಿಸಬೇಡಿ. ಆ ದಿನ ಸಾಲಿನಲ್ಲಿ ಎಷ್ಟು ಹೊತ್ತು ನಿಂತರು, ಕೂಲಿ ಬಿಟ್ಟು ಬಂದಿದ್ದರೆ, ಸೆರಗು ಸರಿಮಾಡಿಕೊಳ್ಳಲು ಬಿಟ್ಟರೆ ಎಂದು ಕೇಳಿ ಬರೆಯಿರಿ. ಅದೂ ಇಲ್ಲದಿದ್ದರೆ, ತೆಗೆಸಬೇಕೆಂದು ಆಸೆಪಟ್ಟು ತೆಗೆಸದೇ ಹೋದ ಫೋಟೋದ ವಿಷಯ ಬರೆಯಿರಿ. ನಮ್ಮಲ್ಲಿ ಒಬ್ಬ ತರುಣಿ ಹಾಗೆ ಬರೆದದ್ದು ನಾನು ಓದಿದವುಗಳಲ್ಲೆಲ್ಲ ಚೆನ್ನಾಗಿತ್ತು.

ಬದುಕಿರುವವರ ಅಥವಾ ನೆರೆಮನೆಯವರ ಫೋಟೋ ಇಟ್ಟುಕೊಂಡು ಬರೆಯುವಾಗ ಅವರನ್ನು ಕೇಳಿಯೇ ಬರೆಯಬೇಕು. ಕಥೆಯಲ್ಲಿ ಜಗಳ, ಸಾಲ, ಕುಲದ ಅವಮಾನಗಳು ಬರುವಂತಿದ್ದರೆ ಊರು ಹೆಸರು ಬದಲಿಸಿ. ಎಡಪುಟದ ನಿಜವಾದ ಹೆಸರು ಮನೆಯಲ್ಲಿಯೇ ಇರಲಿ.

ಕೊನೆಗೆ ಫೋಟೋಗಳ ಜೋಪಾನದ ವಿಷಯ. ಧೂಳು ಹಿಡಿದ ಫೋಟೋವನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಚಿತ್ರವೇ ಎದ್ದು ಬರುತ್ತದೆ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನೊಡನೆಯೇ ಇರಲಿ. ಬೆನ್ನಿಗೆ ಹೆಸರು ಬರೆಯುವಾಗ ಬಾಲ್‌ಪೆನ್ನು ಬಳಸಿದರೆ ಒತ್ತು ಮುಂದೆ ಮುಖದ ಮೇಲೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರಾಗಿ ಬರೆಯಿರಿ. ಎಡದಿಂದ ಬಲಕ್ಕೆ, ಕೂತವರು ಮೊದಲು, ನಿಂತವರು ಆಮೇಲೆ, ಹೆಣ್ಣುಮಕ್ಕಳ ಹೆಸರು ‘ಇಂಥವರ ಹೆಂಡತಿ’ ಎಂದಲ್ಲದೆ ಅವರದೇ ಹೆಸರಾಗಿ. ತಂಪು ಹಿಡಿಯುವ ಗೋಡೆಯಿಂದ ದೂರವಿಡಿ. ಮೊಬೈಲಿನಲ್ಲಿ ಪ್ರತಿ ತೆಗೆಯುವಾಗ ಫ್ಲಾಷ್ ಆರಿಸಿ, ಬಾಗಿಲ ಪಕ್ಕದ ಬೆಳಕಿನಲ್ಲಿ ಫೋಟೋವನ್ನು ಸಮನಾಗಿ ಮಲಗಿಸಿ, ನೇರ ಮೇಲಿನಿಂದ ತೆಗೆಯಿರಿ. ಮುಂಭಾಗ ತೆಗೆದಾದ ಮೇಲೆ ತಿರುವಿ ಹಾಕಿ ಬೆನ್ನನ್ನೂ ತೆಗೆಯಿರಿ. ಬರೆದದ್ದನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಾಲ್ಕು ಜನರ ಮುಂದೆ ಓದಿ. ಆ ನಾಲ್ವರಲ್ಲಿ ಒಬ್ಬರಾದರೂ ಫೋಟೋದ ಕಾಲದವರಿರಲಿ.